ಅಳೆದು ತೂಗಿ ನುಡಿದ ಸಾಕ್ಷಿ: ರಸಾಯನಜ್ಞ ಪ್ರೀಮೋ ಲೇವಿ

ರಸಾಯನಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗಳಲ್ಲಿ ಮೂಲವಸ್ತುಗಳ ಆವರ್ತಕೋಷ್ಟಕವನ್ನು ಕಾಣದವರು ವಿರಳ. 1869ರಲ್ಲಿ ರಷ್ಯಾದ ಮೆಂಡಲೀಫನು ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಅವುಗಳ ಗುಣಸಾಮ್ಯವನ್ನು ಅನುಸರಿಸಿ ಸಾಲುಗೊಳಿಸಿದನು. ಇಂದು ಆ ಕೋಷ್ಟಕದಲ್ಲಿ 118 ಮೂಲವಸ್ತುಗಳು ನೆಲೆಗೊಂಡಿವೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ, ಇದರೊಳಗೆ ಒಬ್ಬ ಮನುಷ್ಯನ ಬಾಳಿನ ಕಥೆಯೇ ಅಡಗಿರಬಹುದೆಂದು ಹೇಳಿದರೆ ನಂಬಿಕೆ ಹುಟ್ಟಲಾರದು. ಆದರೆ ಅಂತಹ ಪುಸ್ತಕವೊಂದು 1975ರಲ್ಲಿ ಇಟಲಿಯಲ್ಲಿ ಪ್ರಕಟವಾಯಿತು. ‘ಆವರ್ತಕೋಷ್ಟಕ’ ಎಂಬುದೇ ಅದರ ಹೆಸರು. ಅದರಲ್ಲಿ 21 ಅಧ್ಯಾಯಗಳು. ಒಂದೊಂದು ಅಧ್ಯಾಯಕ್ಕೂ ಒಂದೊಂದು ಮೂಲವಸ್ತುವಿನ ಹೆಸರು. 2006ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯು ನಡೆಸಿದ ಆಯ್ಕೆಯಲ್ಲಿ, ವಿಜ್ಞಾನವನ್ನು ಕುರಿತು ಬಂದ ಪುಸ್ತಕಗಳಲ್ಲೆಲ್ಲ ಅತ್ಯುತ್ತಮವೆಂಬ ಗೌರವವು ಈ ಪುಸ್ತಕಕ್ಕೆ ದೊರೆಯಿತು.

ಇದನ್ನು ಬರೆದ ಪ್ರೀಮೋ ಲೇವಿಯು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ. ವೃತ್ತಿಯಿಂದ ಲೇಖಕನೂ ಅಲ್ಲ. ಆತನು ಸುಮಾರು ಮೂವತ್ತು ವರ್ಷಗಳ ಕಾಲ ಬಣ್ಣ ಮತ್ತು ವಾರ್ನಿಷ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿದ ರಸಾಯನಜ್ಞ. ಆತನ ಎಡ ಮುಂಗೈಯ ಮೇಲೆ 174517 ಎಂಬ ಅಂಕಿಗಳನ್ನು ಹಚ್ಚೆ ಚುಚ್ಚಲಾಗಿತ್ತು. ಅದು ಆಷ್‌ವಿಟ್ಸ್ ಎಂಬ ನಾಜಿ ಶಿಬಿರದಲ್ಲಿ ಆತನಿಗೆ ಹೆಸರಿನ ಬದಲಾಗಿ ಕೊಟ್ಟ ಸಂಖ್ಯೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಜರ್ಮನಿಯು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಆಷ್‌ವಿಟ್ಸ್ ಒಂದರಲ್ಲಿಯೇ ಸುಮಾರು 11 ಲಕ್ಷ ಜನರು ಸತ್ತರು, ಅವರಲ್ಲಿ ಸುಮಾರು 10 ಲಕ್ಷ ಮಂದಿ ಯೆಹೂದ್ಯರು. ಅಲ್ಲಿಂದ ಬದುಕಿ ಬಂದ ಕೆಲವರಲ್ಲಿ ಲೇವಿಯೂ ಒಬ್ಬನು. ತಾನು ಕಂಡುದನ್ನು ಜಗತ್ತಿಗೆ ತಿಳಿಸುವಾಗ ಆತನು ರಸಾಯನಶಾಸ್ತ್ರದ ಶಿಸ್ತನ್ನು ಹೇಗೆ ಬಳಸಿದನೆಂಬುದೇ ಈ ಲೇಖನದ ವಿಷಯ.

ಶುದ್ಧ ಸತುವಿನ ಪಾಠ

ಪ್ರೀಮೋ ಲೇವಿಯು ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ 1919ರ ಜುಲೈ 31ರಂದು ಜನಿಸಿದನು. ತಂದೆ ಇಂಜಿನಿಯರು, ಪುಸ್ತಕಪ್ರಿಯ. ಹುಟ್ಟಿದ ಮನೆಯಲ್ಲಿಯೇ ಲೇವಿಯು ತನ್ನ ಬಾಳಿನ ಬಹುಭಾಗವನ್ನು ಕಳೆದನು. 1937ರಲ್ಲಿ ಆತನು ಟ್ಯೂರಿನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಯಾದನು. ಮರುವರ್ಷವೇ ಮುಸ್ಸೋಲಿನಿಯ ಸರ್ಕಾರವು ಯೆಹೂದ್ಯರ ವಿರುದ್ಧ ಜನಾಂಗೀಯ ಕಾನೂನುಗಳನ್ನು ಹೊರಡಿಸಿತು. ಇಟಲಿಯ ಜನಸಂಖ್ಯೆಯಲ್ಲಿ ಯೆಹೂದ್ಯರು ಸಾವಿರಕ್ಕೆ ಒಬ್ಬರಂತಿದ್ದರು. ಆದರೂ ‘ಜನಾಂಗದ ಪಾವಿತ್ರ್ಯ’ದ ಹೆಸರಿನಲ್ಲಿ ಅವರನ್ನು ಶಾಲೆಗಳಿಂದಲೂ ಸರ್ಕಾರಿ ಉದ್ಯೋಗಗಳಿಂದಲೂ ಹೊರಗಿಡಲಾಯಿತು. ಈ ಮೊದಲೇ ವಿಶ್ವವಿದ್ಯಾನಿಲಯವನ್ನು ಸೇರಿದ್ದವರಿಗೆ ಮಾತ್ರ ವ್ಯಾಸಂಗವನ್ನು ಮುಗಿಸಲು ಅವಕಾಶವಿತ್ತು.

ಆ ದಿನಗಳ ಒಂದು ಪ್ರಯೋಗವನ್ನು ಲೇವಿಯು ‘ಸತು’ ಎಂಬ ಅಧ್ಯಾಯದಲ್ಲಿ ವರ್ಣಿಸಿದ್ದಾನೆ. ನಮ್ಮ ವಾಚಕರಲ್ಲಿ ಅನೇಕರು ಪ್ರಯೋಗಶಾಲೆಯಲ್ಲಿ ಇದನ್ನು ಸ್ವತಃ ಮಾಡಿ ನೋಡಿರಬಹುದು. ಸತುವಿನ ಚೂರನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಹಾಕಿದರೆ ಜಲಜನಕದ ಗುಳ್ಳೆಗಳೆದ್ದು ಸತುವು ಕರಗುತ್ತದೆ. ಆದರೆ ಸತುವು ಅತಿ ಶುದ್ಧವಾಗಿದ್ದರೆ ಆಮ್ಲವು ಅದನ್ನು ಸುಲಭವಾಗಿ ಮುಟ್ಟದು. ಆಗ ಒಂದು ಹನಿ ಮೈಲುತುತ್ತದ ದ್ರಾವಣವನ್ನು ಬಿಡಬೇಕು. ಮೈಲುತುತ್ತದಲ್ಲಿರುವ ತಾಮ್ರವು ಸತುವಿನ ಮೈಮೇಲೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಸತುವೂ ತಾಮ್ರವೂ ಕೂಡಿ ಅಸಂಖ್ಯ ಪುಟ್ಟ ವಿದ್ಯುತ್ಕೋಶಗಳಾಗುತ್ತವೆ. ಜಲಜನಕವು ತಾಮ್ರದ ಮೇಲೆ ಸುಲಭವಾಗಿ ಬಿಡುಗಡೆಯಾಗುತ್ತದೆ, ಸತುವು ಭರದಿಂದ ಕರಗತೊಡಗುತ್ತದೆ. ಅಂದರೆ ಕ್ರಿಯೆಯು ನಡೆಯಬೇಕಾದರೆ ಸ್ವಲ್ಪ ಅಶುದ್ಧತೆಯೇ ಬೇಕು!

ಪತ್ರಿಕೆಗಳು ಪ್ರತಿದಿನವೂ ಶುದ್ಧಿಯನ್ನು ಹಾಡಿ ಹೊಗಳುತ್ತ, ತನ್ನ ಜನರನ್ನು ಕಲ್ಮಷವೆಂದು ಕರೆಯುತ್ತಿದ್ದ ಕಾಲದಲ್ಲಿ, ಹತ್ತೊಂಬತ್ತರ ಆ ತರುಣನಿಗೆ ಪ್ರನಾಳದೊಳಗಿನ ಈ ಗುಳ್ಳೆಗಳು ಬೇರೊಂದು ಅರ್ಥವನ್ನು ಹೇಳಿದವು. ಸೃಷ್ಟಿಗೆ ಬದಲಾವಣೆ ಬೇಕು, ಬದಲಾವಣೆಗೆ ಭಿನ್ನವಾದ ವಸ್ತು ಬೇಕು. ಸತುವನ್ನು ಕ್ರಿಯೆಗೆ ಎಬ್ಬಿಸುವ ಆ ಕಣವೇ ತಾನಾಗಿರುವುದರಲ್ಲಿ ನಾಚಿಕೆಯೇನೂ ಇಲ್ಲವೆಂದು ಆತನು ಕಂಡುಕೊಂಡನು.

ಇನ್ನೊಂದು ಪಾಠವನ್ನು ಪೊಟ್ಯಾಸಿಯಂ ಕಲಿಸಿತು. ಬೆಂಜೀನನ್ನು ಶುದ್ಧಿಗೊಳಿಸಿ ಬಟ್ಟಿಯಿಳಿಸಲು ಸೋಡಿಯಂ ಬೇಕಾಗಿತ್ತು. ಅದು ದೊರೆಯಲಿಲ್ಲ, ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯಲ್ಲಿಯೇ ಇರುವ ಪೊಟ್ಯಾಸಿಯಂ ಇತ್ತು. ಎರಡೂ ಒಂದೇ ಕುಟುಂಬದವು, ಗುಣವೂ ಬಹುಮಟ್ಟಿಗೆ ಒಂದೇ. ಆದರೆ ಪೊಟ್ಯಾಸಿಯಂ ಹೆಚ್ಚು ಉಗ್ರ. ಕೆಲಸ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದಿದ್ದ ಅದರ ಸಣ್ಣ ಕಣವೊಂದು ನೀರು ಸೋಕಿದೊಡನೆ ಹೊತ್ತಿಕೊಂಡಿತು. ಬೆಂಜೀನಿನ ಆವಿಗೆ ಉರಿ ತಗುಲಿ ಕಿಟಕಿಯ ತೆರೆಗಳಿಗೂ ಹಬ್ಬಿತು. ‘ಹೆಚ್ಚುಕಡಮೆ ಒಂದೇ’ ಎನ್ನುವ ಮಾತನ್ನು ಎಂದಿಗೂ ನಂಬಬಾರದು, ಸಣ್ಣ ವ್ಯತ್ಯಾಸವೇ ದೊಡ್ಡ ಫಲಕ್ಕೆ ಕಾರಣವಾಗಬಹುದು ಎಂಬುದನ್ನು ಲೇವಿಯು ಅಂದು ಮನಗಂಡನು. ಈ ಎಚ್ಚರವು ಮುಂದೆ ಆತನ ಬರವಣಿಗೆಯ ಬೆನ್ನೆಲುಬಾಯಿತು.

1941ರ ಜುಲೈ ತಿಂಗಳಿನಲ್ಲಿ ಆತನು ಅತ್ಯುಚ್ಚ ಶ್ರೇಣಿಯಲ್ಲಿ ಪದವಿಯನ್ನು ಪಡೆದನು. ಪದವೀಪತ್ರದಲ್ಲಿ ‘ಯೆಹೂದಿ ಜನಾಂಗದವನು’ ಎಂದೂ ಬರೆದಿತ್ತು. ಕಲ್ನಾರಿನ ಗಣಿಯೊಂದರ ತ್ಯಾಜ್ಯದಿಂದ ನಿಕ್ಕಲ್ ತೆಗೆಯುವ ಪ್ರಯತ್ನದಲ್ಲಿ ಕೆಲವು ತಿಂಗಳು, ಮಿಲಾನಿನ ಔಷಧ ಸಂಸ್ಥೆಯೊಂದರಲ್ಲಿ ಕೆಲವು ತಿಂಗಳು ಆತನು ದುಡಿದನು. 1943ರ ಸೆಪ್ಟೆಂಬರಿನಲ್ಲಿ ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾದೊಡನೆ ಜರ್ಮನ್ ಸೈನ್ಯವು ಉತ್ತರ ಇಟಲಿಯನ್ನು ಆಕ್ರಮಿಸಿತು. ಲೇವಿಯು ಆಲ್ಪ್ಸ್ ಪರ್ವತಗಳನ್ನೇರಿ ಪ್ರತಿಭಟನಕಾರರ ಒಂದು ಸಣ್ಣ ತಂಡವನ್ನು ಸೇರಿದನು. ಅನುಭವವಿಲ್ಲದ ಆ ತಂಡವು ಡಿಸೆಂಬರ್ 13ರಂದು ಸೆರೆಸಿಕ್ಕಿತು.

ಬ್ಯೂನಾ ಎಂಬ ಕಾರ್ಖಾನೆ

1944ರ ಫೆಬ್ರವರಿ 22ರಂದು ಇಟಲಿಯ ಫೊಸ್ಸೋಲಿ ಎಂಬ ಬಂದೀಶಿಬಿರದಿಂದ 650 ಮಂದಿ ಯೆಹೂದ್ಯರನ್ನು ಸರಕುಬಂಡಿಗಳಲ್ಲಿ ತುಂಬಿ, ಜರ್ಮನರು ಆಕ್ರಮಿಸಿದ್ದ ಪೋಲೆಂಡಿಗೆ ಕಳುಹಿಸಲಾಯಿತು. ಹಸುಗೂಸುಗಳೂ ಮುದುಕರೂ ಅವರಲ್ಲಿದ್ದರು. ನಾಲ್ಕು ದಿನಗಳ ಪ್ರಯಾಣದ ಕೊನೆಯಲ್ಲಿ ರೈಲು ನಿಂತಾಗ, ಕೆಲವೇ ನಿಮಿಷಗಳಲ್ಲಿ 96 ಮಂದಿ ಗಂಡಸರನ್ನೂ 29 ಮಂದಿ ಹೆಂಗಸರನ್ನೂ ಕೆಲಸಕ್ಕೆಂದು ಬೇರ್ಪಡಿಸಿದರು. ಉಳಿದ ಐದುನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಎರಡು ದಿನಗಳ ಮೇಲೆ ಜೀವಂತವಾಗಿರಲಿಲ್ಲ. ಜಿರಲೆ ಹೇನುಗಳನ್ನು ಕೊಲ್ಲಲೆಂದು ತಯಾರಾಗಿದ್ದ ಸಯನೈಡ್ ಅನಿಲವನ್ನು ಅಲ್ಲಿ ಮನುಷ್ಯರ ಮೇಲೆ ಬಳಸುತ್ತಿದ್ದರು.

ಲೇವಿಯನ್ನು ಕಳುಹಿಸಿದುದು ಆಷ್‌ವಿಟ್ಸಿಗೆ ಸೇರಿದ ಮೋನೋವಿಟ್ಸ್ ಎಂಬ ಶಿಬಿರಕ್ಕೆ. ಐ. ಜಿ. ಫಾರ್ಬೆನ್ ಎಂಬ ಜರ್ಮನಿಯ ಬೃಹತ್ ರಾಸಾಯನಿಕ ಸಂಸ್ಥೆಯು ಅಲ್ಲಿ ‘ಬ್ಯೂನಾ’ ಎಂಬ ಕಾರ್ಖಾನೆಯನ್ನು ಕಟ್ಟಿಸುತ್ತಿತ್ತು. ಬ್ಯುಟಡೈಯೀನ್ ಎಂಬ ಅನಿಲದ ಮೊದಲಕ್ಷರವೂ, ಅದರ ಅಣುಗಳನ್ನು ಸರಪಣಿಯಂತೆ ಹೆಣೆಯಲು ಮೊದಲಿಗೆ ಬಳಸುತ್ತಿದ್ದ ಸೋಡಿಯಮ್ಮಿನ ಜರ್ಮನ್ ಹೆಸರಾದ ‘ನಾಟ್ರಿಯಂ’ನ ಮೊದಲಕ್ಷರವೂ ಸೇರಿ ‘ಬ್ಯೂನಾ’ ಎಂಬ ಪದವಾಗಿದೆ. ಇದು ಕೃತಕ ರಬ್ಬರಿನ ಹೆಸರು. ರಬ್ಬರ್ ಮರಗಳು ಬೆಳೆಯುವ ಉಷ್ಣದೇಶಗಳು ಜರ್ಮನಿಯ ಕೈಯಲ್ಲಿರಲಿಲ್ಲ. ಯುದ್ಧದ ವಾಹನಗಳಿಗೋ ರಬ್ಬರ್ ಬೇಕೇ ಬೇಕು. ಕಲ್ಲಿದ್ದಲು, ಸುಣ್ಣ, ನೀರು ಮತ್ತು ರೈಲುಮಾರ್ಗ ಇವೆಲ್ಲವೂ ದೊರೆಯುವ ಸ್ಥಳವೆಂದು ಅದನ್ನು ಆರಿಸಿದರು. ಬಂದಿಗಳ ಪುಕ್ಕಟೆ ದುಡಿಮೆಯೂ ಅಲ್ಲಿ ದೊರೆಯುತ್ತಿತ್ತು. ಸಾವಿರಾರು ಜನರ ಪ್ರಾಣವನ್ನು ನುಂಗಿದ ಆ ಕಾರ್ಖಾನೆಯಿಂದ ಕೊನೆಯವರೆಗೂ ಒಂದು ಕಿಲೋಗ್ರಾಂ ಕೃತಕ ರಬ್ಬರೂ ಹೊರಬರಲಿಲ್ಲ.

ಅಲ್ಲಿನ ಬಂದಿಗಳಲ್ಲಿ ರಸಾಯನಶಾಸ್ತ್ರ ಬಲ್ಲವರನ್ನು ಆರಿಸಲು ಒಂದು ಪರೀಕ್ಷೆ ನಡೆಯಿತು. ತಲೆ ಬೋಳಿಸಿ, ಹರಕು ಬಟ್ಟೆ ತೊಡಿಸಿ, ಹಸಿವಿನಿಂದ ಕುಗ್ಗಿಸಿದ್ದ ಲೇವಿಯು ಪಾನ್‌ವಿಟ್ಸ್ ಎಂಬ ಜರ್ಮನ್ ರಸಾಯನಜ್ಞನ ಮೇಜಿನ ಮುಂದೆ ನಿಂತನು. ಟ್ಯೂರಿನ್ನಿನಲ್ಲಿ ತಾನು ಓದಿದ್ದ ಸಾವಯವ ರಸಾಯನದ ಪಠ್ಯಪುಸ್ತಕವೇ ಅಲ್ಲಿಯೂ ಇತ್ತು. ಕೇಳಿದ ಪ್ರಶ್ನೆಗಳಿಗೆಲ್ಲ ಆತನು ಜರ್ಮನ್ ಭಾಷೆಯಲ್ಲಿ ಸರಿಯಾಗಿಯೇ ಉತ್ತರವಿತ್ತನು. ಒಂದೇ ಪುಸ್ತಕವನ್ನೋದಿದ ಇಬ್ಬರು ರಸಾಯನಜ್ಞರು ಎದುರೆದುರಾಗಿದ್ದರು. ಆದರೆ ಪಾನ್‌ವಿಟ್ಸನ ನೋಟವು ಮನುಷ್ಯನು ಮನುಷ್ಯನನ್ನು ನೋಡುವ ನೋಟವಾಗಿರಲಿಲ್ಲ. ಹಿಂತಿರುಗುವಾಗ, ಕಾವಲಿಗೆ ಬಂದಿದ್ದ ಮೇಸ್ತ್ರಿಯು ತನ್ನ ಕೈಗೆ ಹತ್ತಿದ ಜಿಡ್ಡನ್ನು ಲೇವಿಯ ಭುಜಕ್ಕೆ ಒರಸಿಕೊಂಡನು. ಅವನಲ್ಲಿ ದ್ವೇಷವೂ ಇರಲಿಲ್ಲ. ಹತ್ತಿರದಲ್ಲಿ ಸಿಕ್ಕಿದ ಚಿಂದಿಗೆ ಒರಸಿದಂತೆ ಒರಸಿದನು. ವಿದ್ಯೆಯೊಂದೇ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವುದಿಲ್ಲವೆಂಬುದಕ್ಕೆ ಈ ಎರಡು ಗಳಿಗೆಗಳ ಚಿತ್ರಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಬೆಂಕಿಯ ಕಿಡಿ, ರೊಟ್ಟಿಯ ತುಂಡು

1944ರ ಚಳಿಗಾಲದಲ್ಲಿ ಲೇವಿಗೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ ದೊರೆಯಿತು. ಹಿಮದಲ್ಲಿ ಕಬ್ಬಿಣವನ್ನು ಹೊರುವವರಿಗಿಂತ, ಬೆಚ್ಚನೆಯ ಕೋಣೆಯಲ್ಲಿ ನಿಂತು ದುಡಿಯುವವನು ಬದುಕುವ ಸಂಭವ ಹೆಚ್ಚು. ಅಲ್ಲಿಯ ಒಂದು ಸೀಸೆಯಲ್ಲಿ ಆತನು ಬೂದುಬಣ್ಣದ ಸಣ್ಣ ಗಟ್ಟಿ ಕಡ್ಡಿಗಳನ್ನು ಕಂಡನು. ಸೀಸೆಗೆ ಹೆಸರಿನ ಚೀಟಿಯಿರಲಿಲ್ಲ. ಚೂರಿಯಿಂದ ಕೆರೆದಾಗ ಕಿಡಿಗಳು ಹಾರಿದವು. ಅದು ಕಬ್ಬಿಣವೂ ಸೀರಿಯಂ ಎಂಬ ಮೂಲವಸ್ತುವೂ ಸೇರಿದ ಮಿಶ್ರಲೋಹವೆಂದು ಆತನು ಊಹಿಸಿದನು. ಸೀರಿಯಮ್ಮಿನ ಪುಡಿಯು ಅಲ್ಪ ಶಾಖಕ್ಕೇ ಗಾಳಿಯಲ್ಲಿ ಹೊತ್ತಿಕೊಳ್ಳುತ್ತದೆ. ಕೆರೆದಾಗ ಉಂಟಾಗುವ ಬಿಸಿಯೇ ಅದಕ್ಕೆ ಸಾಕು. ಸಿಗರೇಟ್ ಲೈಟರುಗಳಲ್ಲಿ ನಾವು ಚಕಮಕಿ ಕಲ್ಲು ಎನ್ನುವುದು ಈ ಮಿಶ್ರಲೋಹವೇ ಆಗಿರುತ್ತದೆ.

ಶಿಬಿರದಲ್ಲಿ ಕದ್ದುಮುಚ್ಚಿ ಲೈಟರುಗಳನ್ನು ತಯಾರಿಸುವವರಿದ್ದರು. ಅವರಿಗೆ ಕಲ್ಲು ಬೇಕಾಗಿತ್ತು. ಲೇವಿಯೂ ಆತನ ಗೆಳೆಯ ಆಲ್ಬರ್ಟೋ ಎಂಬವನೂ ರಾತ್ರಿ ಕಂಬಳಿಯೊಳಗೆ ಅಡಗಿ, ಕಡ್ಡಿಗಳನ್ನು ಕೆರೆಕೆರೆದು ಅಳತೆಗೆ ತಂದರು. ಸಿಕ್ಕಿಬಿದ್ದರೆ ನೇಣು ಖಂಡಿತ. ಒಂದು ಕಲ್ಲಿಗೆ ಒಂದು ದಿನದ ರೊಟ್ಟಿ ಬೆಲೆ. ಒಟ್ಟು 120 ಕಲ್ಲುಗಳಾದವು. ಅಂದರೆ ಇಬ್ಬರಿಗೂ ಎರಡೆರಡು ತಿಂಗಳ ಆಯುಸ್ಸು! ಆದರೆ ಅದೃಷ್ಟವು ಆಲ್ಬರ್ಟೋವನ್ನು ಕೈಬಿಟ್ಟಿತು. 1945ರ ಜನವರಿಯಲ್ಲಿ ರಷ್ಯನ್ ಸೈನ್ಯವು ಸಮೀಪಿಸಲು, ಜರ್ಮನರು ನಡೆಯಬಲ್ಲ ಬಂದಿಗಳನ್ನೆಲ್ಲ ಹಿಮದಲ್ಲಿ ಕಾಲ್ನಡಿಗೆಯಿಂದ ಸಾಗಿಸಿದರು. ಆ ನಡಿಗೆಗೆ ಹೊರಟ ಆಲ್ಬರ್ಟೋ ಹಿಂತಿರುಗಲೇ ಇಲ್ಲ. ಸ್ಕಾರ್ಲೆಟ್ ಜ್ವರದಿಂದ ಆಸ್ಪತ್ರೆಯ ಗುಡಿಸಲಿನಲ್ಲಿ ಮಲಗಿದ್ದ ಲೇವಿಯು ಅಲ್ಲಿಯೇ ಉಳಿದನು, ಬದುಕಿದನು.

ಕಾವಲುಗಾರರು ಬಿಟ್ಟುಹೋದ ಶಿಬಿರದಲ್ಲಿ ಹತ್ತು ದಿನಗಳು ಕಳೆದವು. ಲೇವಿಯೂ ಇಬ್ಬರು ಫ್ರೆಂಚ್ ಬಂದಿಗಳೂ ಹಿಮದೊಳಗಿಂದ ಆಲೂಗೆಡ್ಡೆಗಳನ್ನೂ ಒಂದು ಒಲೆಯನ್ನೂ ಹುಡುಕಿ ತಂದರು. ಒಲೆಯು ಹೊತ್ತಿಕೊಂಡಾಗ, ಅದೇ ಕೋಣೆಯಲ್ಲಿದ್ದ ಇತರ ರೋಗಿಗಳು ತಮ್ಮ ಪಾಲಿನ ರೊಟ್ಟಿಯಿಂದ ಒಂದೊಂದು ತುಂಡನ್ನು ಮುರಿದು ಆ ಮೂವರಿಗೂ ಕೊಟ್ಟರು. ತನ್ನ ರೊಟ್ಟಿಯನ್ನು ತಾನೇ ತಿನ್ನು, ಸಾಧ್ಯವಾದರೆ ಪಕ್ಕದವನದನ್ನೂ ತಿನ್ನು ಎಂಬುದು ಶಿಬಿರದ ಕಟ್ಟಳೆಯಾಗಿತ್ತು. ಆ ಕಟ್ಟಳೆಯು ಸತ್ತ ಕ್ಷಣವನ್ನು ಲೇವಿಯು, ವಿಜ್ಞಾನಿಯು ಒಂದು ಕ್ರಿಯೆಯ ಆರಂಭವನ್ನು ಗುರುತಿಸುವಂತೆ, ಸ್ಪಷ್ಟವಾಗಿ ಗುರುತಿಸಿದ್ದಾನೆ. ಜನವರಿ 27ರಂದು ರಷ್ಯನ್ ಸೈನಿಕರು ಬಂದರು.

ತಾನು ಬದುಕಿ ಉಳಿದುದು ತನ್ನ ಯೋಗ್ಯತೆಯಿಂದಲ್ಲವೆಂದು ಲೇವಿಯು ಕೊನೆಯವರೆಗೂ ಹೇಳುತ್ತಿದ್ದನು. ಕೂಲಿಗಳ ಕೊರತೆಯಿಂದ ಬಂದಿಗಳ ಆಯುಸ್ಸನ್ನು ತುಸು ಹೆಚ್ಚಿಸಿದ್ದ 1944ರಲ್ಲಿ ತಾನು ಅಲ್ಲಿಗೆ ಹೋದುದು, ಜರ್ಮನ್ ಭಾಷೆಯನ್ನು ಸ್ವಲ್ಪ ಬಲ್ಲವನಾಗಿದ್ದುದು, ರಸಾಯನಶಾಸ್ತ್ರ, ಸರಿಯಾದ ಸಮಯಕ್ಕೆ ಬಂದ ಜ್ವರ ಇವೆಲ್ಲವನ್ನೂ ಆತನು ಕಾರಣಗಳ ಪಟ್ಟಿಯಲ್ಲಿ ಬರೆದನು. ಆ ಪಟ್ಟಿಯಲ್ಲಿ ಒಬ್ಬ ಮನುಷ್ಯನೂ ಇದ್ದನು. ಲೊರೆಂಜೋ ಪೆರೋನೆ ಎಂಬ ಇಟಲಿಯ ಗಾರೆಕೆಲಸದವನು ಆರು ತಿಂಗಳ ಕಾಲ ಪ್ರತಿದಿನವೂ ತನ್ನ ಪಾಲಿನ ಸೂಪನ್ನು ಗುಟ್ಟಾಗಿ ಲೇವಿಗೆ ತಂದುಕೊಡುತ್ತಿದ್ದನು. ಪ್ರತಿಫಲವನ್ನು ಆತನು ಬೇಡಲಿಲ್ಲ, ಕೊಟ್ಟರೂ ಒಪ್ಪಲಿಲ್ಲ. ಮುಂದೆ ಲೇವಿಯು ತನ್ನ ಮಗಳಿಗೂ ಮಗನಿಗೂ ಲೊರೆಂಜೋವಿನ ನೆನಪು ಉಳಿಯುವಂತಹ ಹೆಸರುಗಳನ್ನಿಟ್ಟನು.

ವರದಿಯಿಂದ ಸಾಹಿತ್ಯಕ್ಕೆ

ಲೇವಿಯ ಮೊದಲ ಬರಹವು ಕಥೆಯಲ್ಲ, ಒಂದು ವೈದ್ಯಕೀಯ ವರದಿ ಎಂಬುದು ಗಮನಾರ್ಹ. ಬಿಡುಗಡೆಯಾದ ಮೇಲೆ ಪೋಲೆಂಡಿನ ಕಾಟೊವಿಟ್ಸೆ ನಗರದಲ್ಲಿದ್ದಾಗ, ರಷ್ಯನ್ ಅಧಿಕಾರಿಗಳ ಅಪೇಕ್ಷೆಯಂತೆ, ಲಿಯೊನಾರ್ಡೋ ದೆ ಬೆನೆದೆಟ್ಟಿ ಎಂಬ ವೈದ್ಯನೊಡಗೂಡಿ ಆತನು ಮೋನೋವಿಟ್ಸ್ ಶಿಬಿರದ ಆರೋಗ್ಯಸ್ಥಿತಿಯನ್ನು ಕುರಿತು ಬರೆದನು. ಆಹಾರ, ಬಟ್ಟೆ, ರೋಗಗಳು, ಆಸ್ಪತ್ರೆಯ ವ್ಯವಸ್ಥೆ, ಕೊನೆಗೆ ಕೊಲೆಯ ವಿಧಾನ ಇವೆಲ್ಲವೂ ಅದರಲ್ಲಿ ಕ್ರಮವಾಗಿ ಬಂದಿವೆ. 1946ರಲ್ಲಿ ಇಟಲಿಯ ‘ಮಿನೆರ್ವ ಮೆದಿಕಾ’ ಎಂಬ ವೈದ್ಯಪತ್ರಿಕೆಯು ಅದನ್ನು ಪ್ರಕಟಿಸಿತು.

ಯುಕ್ರೇನ್, ರುಮೇನಿಯ, ಹಂಗೆರಿ ಮೊದಲಾದ ದೇಶಗಳನ್ನು ಬಳಸಿ ಸುತ್ತಿ, 1945ರ ಅಕ್ಟೋಬರ್ 19ರಂದು ಲೇವಿಯು ಟ್ಯೂರಿನ್ನಿನ ತನ್ನ ಮನೆಯನ್ನು ತಲಪಿದನು. ಮರುವರ್ಷದ ಆರಂಭದಲ್ಲಿ ಹತ್ತಿರದ ಆವಿಲ್ಯಾನ ಎಂಬ ಊರಿನ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. ಹಗಲು ರಸಾಯನ, ರಾತ್ರಿ ಬರವಣಿಗೆ. ಹೀಗೆ ‘ಇವನು ಮನುಷ್ಯನಾದರೆ’ ಎಂಬರ್ಥದ ಹೆಸರಿನ ಆತನ ಮೊದಲ ಪುಸ್ತಕವು ಸಿದ್ಧವಾಯಿತು. ದೊಡ್ಡ ಪ್ರಕಾಶಕರಾದ ಐನೌದಿ ಸಂಸ್ಥೆಯವರು ಅದನ್ನು ತಿರಸ್ಕರಿಸಿದರು. 1947ರಲ್ಲಿ ಸಣ್ಣ ಪ್ರಕಾಶನವೊಂದು 2,500 ಪ್ರತಿಗಳನ್ನು ಅಚ್ಚುಮಾಡಿಸಿತು. ಮಾರಾಟವಾಗದೆ ಉಳಿದವು ಫ್ಲಾರೆನ್ಸ್ ನಗರದ ಉಗ್ರಾಣದಲ್ಲಿದ್ದು 1966ರ ಮಹಾಪೂರದಲ್ಲಿ ನೀರುಪಾಲಾದವು. ಅಷ್ಟರಲ್ಲಿ, 1958ರಲ್ಲಿ, ಹಿಂದೆ ತಿರಸ್ಕರಿಸಿದ್ದ ಐನೌದಿಯೇ ಅದನ್ನು ಪುನಃ ಪ್ರಕಟಿಸಿತು. ಅಂದಿನಿಂದ ಅದು ಜಗತ್ತಿನ ಅನೇಕ ಭಾಷೆಗಳಿಗೆ ಹೋಗಿದೆ.

ಈ ಪುಸ್ತಕವನ್ನೋದುವವರು ಮೊದಲು ಬೆರಗಾಗುವುದು ಅದರ ಶಾಂತ ಧ್ವನಿಗೆ. ಅಲ್ಲಿ ಶಾಪವಿಲ್ಲ, ಗೋಳಾಟವಿಲ್ಲ. ಕಾರ್ಖಾನೆಯಲ್ಲಿ ವಾರವಾರವೂ ಬರೆಯುವ ವರದಿಯೇ ತನ್ನ ಶೈಲಿಗೆ ಮಾದರಿಯೆಂದು ಲೇವಿಯು ಹೇಳಿದ್ದುಂಟು: ನಿಖರವಾಗಿರಬೇಕು, ಚಿಕ್ಕದಾಗಿರಬೇಕು, ಎಲ್ಲರಿಗೂ ಅರ್ಥವಾಗಬೇಕು. ಸಾಕ್ಷಿಯಾದವನು ಕೂಗಾಡಿದರೆ ನ್ಯಾಯಾಧೀಶನ ನಂಬಿಕೆ ಕುಂದುತ್ತದೆ; ಕಂಡುದನ್ನು ಕಂಡಂತೆ ಹೇಳಿದರೆ ತೀರ್ಪನ್ನು ಕೇಳುವವನೇ ಕೊಡುತ್ತಾನೆ ಎಂಬುದು ಆತನ ನಿಲುವಾಗಿತ್ತು.

ಅನುಮಾನಿಸುವ ಕಲೆ

ಆವಿಲ್ಯಾನದ ಕಾರ್ಖಾನೆಯಲ್ಲಿ ನಡೆದ ಒಂದು ಸಂಗತಿಯು ಈ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಕಿತ್ತಳೆ ಛಾಯೆಯ ಬಣ್ಣದ ರಾಶಿಯೇ ಹೆಪ್ಪುಗಟ್ಟಿ ಕೆಟ್ಟುಹೋಗಿತ್ತು. ಕಾರಣವನ್ನು ಹುಡುಕಲು ಲೇವಿಯು, ಆ ಬಣ್ಣಕ್ಕೆ ಬಳಸಿದ ಕ್ರೋಮೇಟ್ ಲವಣದ ಹಳೆಯ ಪರೀಕ್ಷಾದಾಖಲೆಗಳನ್ನು ತೆಗೆದು ನೋಡಿದನು. ಲವಣದಲ್ಲಿ ಕ್ರೋಮಿಯಂ ಆಕ್ಸೈಡು ಶೇಕಡಾ 28ಕ್ಕೆ ಕಡಮೆಯಿರಬಾರದು. ದಾಖಲೆಗಳಲ್ಲೆಲ್ಲ ಅದು ಶೇಕಡಾ 29.5. ಪ್ರತಿಸಲವೂ 29.5, ಒಂದಿಷ್ಟು ಹೆಚ್ಚಿಲ್ಲ, ಒಂದಿಷ್ಟು ಕಡಮೆಯಿಲ್ಲ! ಬೇರೆಯವರು ಸಂತೋಷಪಡಬಹುದಾಗಿದ್ದ ಈ ಅಂಕಿಗಳನ್ನು ಕಂಡು ಲೇವಿಗೆ ಸಂಶಯ ಹುಟ್ಟಿತು. ನಿಜವಾದ ಅಳತೆಗಳು ಎಂದೂ ಹೀಗೆ ಒಂದೇ ಸಮನಾಗಿರವು. ವಸ್ತುವಿನಲ್ಲಿಯೂ ಅಳೆಯುವವನ ಕೈಯಲ್ಲಿಯೂ ಸಣ್ಣ ಏರುಪೇರು ಇದ್ದೇ ಇರುತ್ತದೆ. ಆತನು ಇನ್ನೂ ಕೆದಕಿ ನೋಡಲು, ಪರೀಕ್ಷಾವಿಧಾನದ ಚೀಟಿಯಲ್ಲಿ ‘2 ಅಥವಾ 3 ಹನಿ’ ಎಂದಿರಬೇಕಾದುದು ನಕಲಿಸುವಾಗ ‘23 ಹನಿ’ ಎಂದಾಗಿದ್ದುದು ಬೆಳಕಿಗೆ ಬಂದಿತು. ಅತಿಯಾಗಿ ಸುರಿದ ಆ ದ್ರಾವಣವು ಲವಣದ ದೋಷವನ್ನೆಲ್ಲ ಮುಚ್ಚಿಹಾಕಿತ್ತು.

ಕ್ಷಾರಗುಣವು ಮಿತಿಮೀರಿದ್ದುದೇ ಬಣ್ಣವು ಹೆಪ್ಪುಗಟ್ಟಲು ಕಾರಣ. ಅದನ್ನು ತಗ್ಗಿಸಲು ಲೇವಿಯು ನವಸಾಗರವನ್ನು ಬೆರೆಸಿದನು. ಕೆಲವು ದಿನಗಳಲ್ಲಿ ಬಣ್ಣವು ಮತ್ತೆ ತಿಳಿಯಾಯಿತು. ಇನ್ನು ಮುಂದೆ ಎಚ್ಚರಿಕೆಗಾಗಿ ನವಸಾಗರವನ್ನು ಬೆರೆಸಬೇಕೆಂದು ಬರೆದಿಟ್ಟು ಆತನು ಆ ಕೆಲಸವನ್ನು ಬಿಟ್ಟನು. ಎಷ್ಟೋ ವರ್ಷಗಳ ಮೇಲೆ, ದೋಷಯುಕ್ತ ಲವಣವು ಪೂರ್ತಿ ಮುಗಿದುಹೋಗಿದ್ದರೂ, ಅಲ್ಲಿ ನವಸಾಗರವನ್ನು ಬೆರೆಸುತ್ತಲೇ ಇದ್ದರು. ಏಕೆಂದು ಯಾರಿಗೂ ತಿಳಿಯದು. ಹಿಂದಿನಿಂದ ಬಂದಿದೆ, ಆದುದರಿಂದ ನಡೆದಿದೆ! ಕಾರಣ ಮರೆತುಹೋದ ಮೇಲೂ ಕಟ್ಟಳೆಯು ಉಳಿಯುವುದು ಕಾರ್ಖಾನೆಗಳಲ್ಲಿ ಮಾತ್ರವೇ ಎಂಬುದನ್ನು ವಾಚಕರು ವಿಚಾರ ಮಾಡಲಿ.

1947ರ ಕೊನೆಯಲ್ಲಿ ಲೇವಿಯು ಸೀವ ಎಂಬ ಮತ್ತೊಂದು ಬಣ್ಣದ ಕಾರ್ಖಾನೆಯನ್ನು ಸೇರಿ, ಕ್ರಮೇಣ ಅದರ ಮುಖ್ಯಾಧಿಕಾರಿಯಾದನು. ವಿದ್ಯುತ್ತಿನ ತಾಮ್ರದ ತಂತಿಗಳಿಗೆ ಹೊದಿಸುವ ನಿರೋಧಕ ವಾರ್ನಿಷ್ ಅಲ್ಲಿಯ ವಿಶೇಷ ಉತ್ಪನ್ನವಾಗಿತ್ತು.

ಒಂದು ಅಕ್ಷರದ ಸುಳಿವು

ಕಾರ್ಖಾನೆಯ ಕಾಗದಪತ್ರಗಳ ನಡುವೆಯೇ ಒಮ್ಮೆ ಆಷ್‌ವಿಟ್ಸ್ ಪುನಃ ಎದುರಾಯಿತು. ಜರ್ಮನಿಯಿಂದ ತರಿಸಿದ ರಾಳವೊಂದರಿಂದ ತಯಾರಿಸಿದ ವಾರ್ನಿಷ್ ಒಣಗದೆ ಅಂಟಂಟಾಗಿ ಉಳಿಯುತ್ತಿತ್ತು. ದೂರು ಬರೆದಾಗ, ವನೇಡಿಯಂ ಇರುವ ನ್ಯಾಫ್ತನೇಟ್ ಎಂಬ ಲವಣವನ್ನು ಅಲ್ಪಪ್ರಮಾಣದಲ್ಲಿ ಸೇರಿಸಬೇಕೆಂದು ಉತ್ತರ ಬಂದಿತು. ಆ ಪತ್ರದಲ್ಲಿ ‘ನ್ಯಾಫ್ತ’ ಎಂದಿರಬೇಕಾದೆಡೆಯಲ್ಲಿ ‘ನ್ಯಾಪ್ತ’ ಎಂದಿತ್ತು. ಲೇವಿಯು ಬೆಚ್ಚಿದನು. ಬ್ಯೂನಾದ ಪ್ರಯೋಗಶಾಲೆಯಲ್ಲಿ ಇದೇ ಅಕ್ಷರವನ್ನು ಹೀಗೆಯೇ ತಪ್ಪಾಗಿ ಉಚ್ಚರಿಸುತ್ತಿದ್ದ ಜರ್ಮನ್ ರಸಾಯನಜ್ಞನೊಬ್ಬನಿದ್ದನು. ‘ಆವರ್ತಕೋಷ್ಟಕ’ದಲ್ಲಿ ಲೇವಿಯು ಅವನನ್ನು ಮುಲ್ಲರ್ ಎಂಬ ಬದಲಿ ಹೆಸರಿನಿಂದ ಕರೆದಿದ್ದಾನೆ.

ವಿಚಾರಿಸಿದಾಗ ಅವನೇ ಎಂಬುದು ಖಚಿತವಾಯಿತು. ಆ ಮನುಷ್ಯನು ಕ್ರೂರಿಯಾಗಿರಲಿಲ್ಲ. ಶಿಬಿರದಲ್ಲಿ ಅವನು ಲೇವಿಯನ್ನು ‘ನೀನು’ ಎನ್ನದೆ ‘ನೀವು’ ಎಂದು ಸಂಬೋಧಿಸಿದ್ದನು, ತೊಡಲು ಚರ್ಮದ ಬೂಟುಗಳನ್ನು ಕೊಡಿಸಿದ್ದನು. ಆದರೆ ಅಷ್ಟೊಂದು ಕಳವಳವೇಕೆಂದು ಅದೇ ಬಂದಿಯನ್ನು ಕೇಳಿಯೂ ಇದ್ದನು! ಈಗ ಪತ್ರಗಳಲ್ಲಿ ಅವನು ಪಶ್ಚಾತ್ತಾಪವನ್ನು ಸೂಚಿಸಿದನು. ಜೊತೆಗೆ, ಯೆಹೂದ್ಯರನ್ನು ಕೊಲ್ಲುತ್ತಿದ್ದುದು ತನಗೆ ತಿಳಿದಿರಲಿಲ್ಲವೆಂದೂ ಬರೆದನು. ಕಣ್ಣೆದುರಿನ ಚಿಮಣಿಯ ಹೊಗೆಯನ್ನು ಕುರಿತು ಯಾರನ್ನೂ ಏನನ್ನೂ ಕೇಳದೆ ಇದ್ದುಬಿಟ್ಟ ಮನುಷ್ಯನವನು. ಭೇಟಿಯಾಗಬೇಕೆಂದು ಅವನು ಕೇಳಿಕೊಂಡ ಕೆಲವೇ ದಿನಗಳಲ್ಲಿ ಸತ್ತುಹೋದನು. ಅವನನ್ನು ದುಷ್ಟನೆನ್ನಲೂ ಲೇವಿಗೆ ಮನಸ್ಸೊಪ್ಪಲಿಲ್ಲ, ಕ್ಷಮಿಸಿದೆನೆನ್ನಲೂ ಒಪ್ಪಲಿಲ್ಲ. ಪ್ರಾಮಾಣಿಕರಾದರೂ ನಿರಾಯುಧರಾಗಿ ಸುಮ್ಮನಿರುವವರೇ ಆಷ್‌ವಿಟ್ಸಿಗೆ ದಾರಿ ಮಾಡಿಕೊಡುತ್ತಾರೆ ಎಂಬುದು ಆತನ ಅಭಿಪ್ರಾಯ.

ನೆನಪೆಂಬ ಉಪಕರಣ

1986ರಲ್ಲಿ ಪ್ರಕಟವಾದ ‘ಮುಳುಗಿದವರು ಮತ್ತು ಉಳಿದವರು’ ಎಂಬರ್ಥದ ಪುಸ್ತಕದಲ್ಲಿ ಲೇವಿಯು ಈ ವಿಚಾರವನ್ನು ಇನ್ನೂ ಆಳಕ್ಕೆ ಕೊಂಡೊಯ್ದನು. ಒಳ್ಳೆಯ ವಿಜ್ಞಾನಿಯು ಅಳೆಯುವ ಮುನ್ನ ತನ್ನ ಉಪಕರಣವನ್ನು ಪರೀಕ್ಷಿಸುತ್ತಾನೆ. ಸಾಕ್ಷಿಯ ಉಪಕರಣವು ನೆನಪು. ಆದುದರಿಂದ ಪುಸ್ತಕದ ಮೊದಲಲ್ಲಿಯೇ ಆತನು ನೆನಪಿನ ದೋಷಗಳನ್ನು ವಿಚಾರಿಸುತ್ತಾನೆ: ಅದು ಕಾಲದಿಂದ ಮಾಸುತ್ತದೆ, ಪದೇ ಪದೇ ಹೇಳುವುದರಿಂದ ಒಂದೇ ಅಚ್ಚಿಗೆ ಇಳಿಯುತ್ತದೆ, ಅಪರಾಧಿಯಲ್ಲಿ ತನ್ನ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತದೆ. ತನ್ನ ನೆನಪನ್ನೂ ಆತನು ಈ ಪರೀಕ್ಷೆಯಿಂದ ಹೊರಗಿಡಲಿಲ್ಲ. ನಿಜವಾದ ಸಾಕ್ಷಿಗಳು ಸತ್ತವರೇ ಹೊರತು ತಾನಲ್ಲವೆಂದೂ, ಅವರ ಪರವಾಗಿ ತಾನು ಮಾತನಾಡುತ್ತಿರುವೆನೆಂದೂ ಹೇಳಿದನು.

ಅದೇ ಪುಸ್ತಕದಲ್ಲಿ ‘ಬೂದುಬಣ್ಣದ ವಲಯ’ ಎಂಬ ಪ್ರಸಿದ್ಧ ಭಾವನೆಯು ಬರುತ್ತದೆ. ಶಿಬಿರದ ಜನರನ್ನು ಕಪ್ಪು ಬಿಳುಪೆಂದು ಎರಡು ರಾಶಿ ಮಾಡಲಾಗದು. ಒಂದು ಬಟ್ಟಲು ಸೂಪಿಗಾಗಿ ಇತರರ ಮೇಲೆ ಅಧಿಕಾರ ನಡೆಸಿದ ಬಂದಿಗಳೂ ಇದ್ದರು. ಅವರನ್ನು ತೂಗುವಾಗ ಅವರನ್ನು ಆ ಸ್ಥಿತಿಗೆ ತಳ್ಳಿದವರ ಪಾಪವನ್ನು ಮೊದಲು ತೂಗಬೇಕು. ಆದರೆ ಹಿಂಸಿಸಿದವನೂ ಹಿಂಸೆಗೊಳಗಾದವನೂ ಹೆಚ್ಚುಕಡಮೆ ಒಂದೇ ಎಂಬ ಮಾತನ್ನು ಲೇವಿಯು ಕಡುವಾಗಿ ನಿರಾಕರಿಸಿದನು. ಸೋಡಿಯಮ್ಮಿಗೂ ಪೊಟ್ಯಾಸಿಯಮ್ಮಿಗೂ ಇರುವ ಅಂತರವನ್ನು ಬೆಂಕಿಯಿಂದ ಕಲಿತವನು ಈ ಅಂತರವನ್ನು ಮರೆಯುವುದೆಂತು?

1987ರ ಏಪ್ರಿಲ್ 11ರಂದು ಲೇವಿಯು ತಾನು ಹುಟ್ಟಿದ ಮನೆಯ ಮಹಡಿಯ ಮೆಟ್ಟಿಲುಗಳ ನಡುವಣ ತೆರಪಿನಲ್ಲಿ ಕೆಳಕ್ಕೆ ಬಿದ್ದು ಮೃತನಾದನು. ಅಧಿಕಾರಿಗಳು ಅದನ್ನು ಆತ್ಮಹತ್ಯೆಯೆಂದು ನಿರ್ಣಯಿಸಿದರು. ಆಕಸ್ಮಿಕವಿರಬಹುದೆಂದು ವಾದಿಸಿದವರೂ ಇದ್ದಾರೆ. ಸಮಾಧಿಯ ಕಲ್ಲಿನ ಮೇಲೆ ಆತನ ಹೆಸರಿನೊಡನೆ 174517 ಎಂಬ ಸಂಖ್ಯೆಯೂ ಇದೆ.

ಇಂಗಾಲದ ಯಾತ್ರೆ

‘ಆವರ್ತಕೋಷ್ಟಕ’ದ ಕೊನೆಯ ಅಧ್ಯಾಯವು ಇಂಗಾಲದ ಒಂದು ಪರಮಾಣುವಿನ ಕಥೆ. ಸುಣ್ಣಕಲ್ಲಿನಲ್ಲಿ ಯುಗಯುಗಾಂತರಗಳಿಂದ ಬಂಧಿಯಾಗಿದ್ದ ಅದು ಸುಣ್ಣದ ಗೂಡಿನ ಬೆಂಕಿಯಲ್ಲಿ ಬಿಡುಗಡೆಹೊಂದಿ ಗಾಳಿಗೆ ಸೇರುತ್ತದೆ. ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಇಂದಿಗೂ ಶೇಕಡಾ 0.04ರಷ್ಟು ಮಾತ್ರವೇ ಇದೆ. ಈ ಅತ್ಯಲ್ಪ ಭಾಗವೇ ಭೂಮಿಯ ಮೇಲಣ ಹಸುರಿಗೆಲ್ಲ ಆಹಾರ. ನಮ್ಮ ಪರಮಾಣುವನ್ನು ದ್ರಾಕ್ಷಿಯ ಎಲೆಯೊಂದು ಹಿಡಿಯುತ್ತದೆ. ಬಿಸಿಲಿನ ಬಲದಿಂದ ಅದು ಸಕ್ಕರೆಯ ಅಣುವಿನ ಅಂಗವಾಗುತ್ತದೆ. ಅಲ್ಲಿಂದ ಮನುಷ್ಯನ ದೇಹಕ್ಕೆ, ಮತ್ತೆ ಗಾಳಿಗೆ, ಮರಕ್ಕೆ, ಮರವನ್ನು ಕೊರೆಯುವ ಹುಳುವಿಗೆ, ಹೀಗೆ ಅಲೆದಲೆದು, ಕೊನೆಗೆ ಹಾಲಿನೊಡನೆ ಬರೆಯುವವನ ಮೆದುಳನ್ನು ಸೇರಿ, ಆತನ ಕೈಯನ್ನು ನಡೆಯಿಸಿ ಹಾಳೆಯ ಮೇಲೆ ಒಂದು ಚುಕ್ಕೆಯನ್ನಿಡಿಸುತ್ತದೆ.

ಈ ಯಾತ್ರೆಯಲ್ಲಿ ಪರಮಾಣುವಿಗೆ ಜಾತಿಯಿಲ್ಲ, ಜನಾಂಗವಿಲ್ಲ. ಯಾವ ದೇಹದಲ್ಲಿ ನೆಲಸಿದರೂ ಅದರ ಗುಣವೊಂದೇ. ಮನುಷ್ಯರ ರಕ್ತವನ್ನು ಶುದ್ಧವೆಂದೂ ಅಶುದ್ಧವೆಂದೂ ವಿಂಗಡಿಸಲು ಹೊರಟವರಿಗೆ ರಸಾಯನಶಾಸ್ತ್ರದಲ್ಲಿ ಎಳ್ಳಷ್ಟೂ ಆಧಾರವಿರಲಿಲ್ಲ. ಆದರೂ ಅವರ ಸೇವೆಗೆ ನಿಂತ ರಸಾಯನಜ್ಞರ ಕೊರತೆಯೂ ಇರಲಿಲ್ಲ. ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದುದು ಇದನ್ನೇ. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಶಿಸ್ತು, ಅಂದರೆ ಕಂಡುದನ್ನು ಮಾತ್ರ ಬರೆಯುವುದು, ಅತಿ ಸುಂದರವಾದ ಅಂಕಿಗಳನ್ನು ಶಂಕಿಸುವುದು, ಕಾರಣವನ್ನು ಕೇಳದೆ ಕಟ್ಟಳೆಯನ್ನು ಒಪ್ಪದಿರುವುದು, ಪ್ರಯೋಗಶಾಲೆಯ ಬಾಗಿಲಲ್ಲಿ ಬಿಟ್ಟು ಬರತಕ್ಕದ್ದಲ್ಲ. ಅದನ್ನು ಊರಿನೊಳಕ್ಕೂ ಒಯ್ಯಬೇಕು. ಪಾನ್‌ವಿಟ್ಸನು ಅದನ್ನು ಬಾಗಿಲಲ್ಲಿಯೇ ಬಿಟ್ಟನು. ಲೇವಿಯು ತನ್ನೊಡನೆ ಒಯ್ದನು.